ಮದ್ಯವಿಲ್ಲದ ಹಣ್ಣಿನ ಪಂಚ್: ಸಿಹಿಗೆ ಎದುರಾಳಿ ಬೇಕು

ಪ್ರಶ್ನೆ: ರಜೆಯ ದಿನಗಳಲ್ಲಿ ನಮ್ಮ ಮನೆಯಲ್ಲಿ ಸುಮಾರು 30 ಮಂದಿ ಬಂಧುಗಳು, ಸ್ನೇಹಿತರು ಸೇರುತ್ತಾರೆ. ಮಕ್ಕಳು, ವಯಸ್ಸಾದವರು, ಮದ್ಯ ಮುಟ್ಟದವರು ಎಲ್ಲರೂ ಇರುತ್ತಾರಾದ್ದರಿಂದ ಎಲ್ಲರಿಗೂ ಒಗ್ಗುವ ಹಣ್ಣಿನ ಪಾನೀಯ ಮಾಡೋಣವೆಂದು ಕಳೆದ ಸಲ ನಾಲ್ಕು ಬಗೆಯ ರಸ, ಸಕ್ಕರೆ, ಸಿಹಿ ಸೋಡಾ ಬೆರೆಸಿ, ದೊಡ್ಡ ಪಾತ್ರೆಯ ತುಂಬ ಐಸ್ ಸುರಿದು ಇಟ್ಟೆ. ಮೊದಲ ಲೋಟ ವಿಪರೀತ ಸಿಹಿಯಾಗಿತ್ತು. ಅರ್ಧ ಗಂಟೆಯಲ್ಲಿ ನೀರುನೀರಾಯಿತು, ಸೋಡಾದ ಚುರುಕೂ ಹೋಯಿತು. ಎಲ್ಲರೂ ಒಂದೊಂದು ಲೋಟ ಕುಡಿದು ಆಮೇಲೆ ಬರೀ ನೀರು ಕೇಳಿದರು. ಎಲ್ಲಿ ತಪ್ಪಿತು? ಈ ಸಲ ಹೇಗೆ ಮಾಡಲಿ?

ಉತ್ತರ: ನೀವು ಹೇಳಿದ ದೂರುಗಳೆಲ್ಲದರ ಹಿಂದೆ ಇರುವುದು ಎರಡೇ ತಪ್ಪುಗಳು. ಪಾನೀಯದಲ್ಲಿ ಸಿಹಿಯೊಂದಿಗೆ ಸೆಣಸುವಂಥದ್ದು ಏನೂ ಇರಲಿಲ್ಲ ಎಂಬುದು ಮೊದಲನೆಯದು. ತಣ್ಣಗಾಗಿರದ ರಸವನ್ನು ತಣ್ಣಗೆ ಮಾಡುವ ಹೊರೆಯನ್ನೆಲ್ಲ ಐಸಿನ ಮೇಲೆ ಹಾಕಿದ್ದು ಎರಡನೆಯದು. ಎರಡನೆಯದನ್ನು ಸರಿಪಡಿಸುವುದು ಸುಲಭ, ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಜಾಗ ಮಾಡಿಕೊಂಡರೆ ಸಾಕು. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಯೋಚನೆ ಬೇಕು, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

‘ಪಂಚ್’ ಎಂಬ ಹೆಸರು ಐದು ಎಂಬ ಅರ್ಥದ ‘ಪಂಚ’ದಿಂದಲೇ ಹುಟ್ಟಿತೆಂಬ ಮಾತು ಬಹಳ ಹಿಂದಿನದು. ಮದ್ಯ, ಸಕ್ಕರೆ, ನಿಂಬೆ, ನೀರು ಮತ್ತು ಮಸಾಲೆ ಆ ಐದು ಪದಾರ್ಥಗಳು ಎನ್ನುತ್ತಾರೆ. ಇಂಗ್ಲಿಷ್ ಬರಹದಲ್ಲಿ ಈ ಪದ 1632ರಷ್ಟು ಹಿಂದೆಯೇ ಕಾಣಿಸಿಕೊಂಡಿದೆ. ವ್ಯುತ್ಪತ್ತಿಯ ವಿಷಯದಲ್ಲಿ ನಿಘಂಟುಕಾರರಲ್ಲಿ ಒಮ್ಮತವಿಲ್ಲವಾದರೂ ಐದರ ಆ ಲೆಕ್ಕ ಅಡುಗೆಮನೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮದ್ಯವನ್ನು ತೆಗೆದುಬಿಟ್ಟರೆ ಉಳಿದ ನಾಲ್ಕರಿಂದ ಪಾನೀಯ ತಾನಾಗಿ ಆಗುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿ ಮದ್ಯ ಅಮಲಿಗೆ ಮಾತ್ರ ಇದ್ದದ್ದಲ್ಲ. ಗಂಟಲಿಗೆ ಸಣ್ಣ ಉರಿ, ನಾಲಿಗೆಯ ಮೇಲೆ ತುಸು ಕಹಿ, ಸಿಪ್ಪೆ ಮತ್ತು ಮಸಾಲೆಯ ಪರಿಮಳವನ್ನು ಮೂಗಿಗೆ ಮುಟ್ಟಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಕುಡಿಯುವವರು ಗಟಗಟ ಎನ್ನದೆ ಗುಟುಕು ಗುಟುಕಾಗಿ ಸವಿಯುವಂತೆ ಮಾಡುವುದು, ಇಷ್ಟೂ ಕೆಲಸಗಳನ್ನು ಅದು ಮಾಡುತ್ತಿತ್ತು. ಅದನ್ನು ತೆಗೆದ ಮೇಲೆ ಈ ಕೆಲಸಗಳನ್ನು ಬೇರೆಯವರಿಗೆ ಹಂಚಬೇಕಾಗುತ್ತದೆ. ಉರಿಯನ್ನು ಶುಂಠಿಗೆ, ಒಗರನ್ನು ಚಹಾ ಮತ್ತು ದಾಳಿಂಬೆಗೆ, ಪರಿಮಳವನ್ನು ಕಿತ್ತಳೆ ಮತ್ತು ನಿಂಬೆಯ ಸಿಪ್ಪೆಗೆ ವಹಿಸುವುದು ನನ್ನ ರೂಢಿ. ಹಂಚದೆ ಬಿಟ್ಟರೆ ಉಳಿಯುವುದು ಸಿಹಿಯಾದ ರಸಗಳ ಮಿಶ್ರಣ, ಅದು ಒಂದು ಲೋಟಕ್ಕೇ ಸಾಕೆನಿಸುತ್ತದೆ.

ಎಷ್ಟು ಬೇಕು ಎಂಬ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. 200 ಮಿಲಿಲೀಟರಿನ ಲೋಟ, ಒಬ್ಬರಿಗೆ ಎರಡು ಲೋಟ ಎಂದು ಹಿಡಿದರೆ 30 ಮಂದಿಗೆ 12 ಲೀಟರ್. ಇದನ್ನು ಒಂದೇ ಪಾತ್ರೆಯಲ್ಲಿ ಮಾಡಬೇಡಿ. ನಾಲ್ಕು ನಾಲ್ಕು ಲೀಟರಿನ ಮೂರು ಪಾಲು ಮಾಡಿ, ಒಂದು ಪಾಲು ಮುಗಿಯುತ್ತಾ ಬಂದಾಗ ಫ್ರಿಜ್ಜಿನಿಂದ ಇನ್ನೊಂದನ್ನು ತೆಗೆದು ಸೋಡಾ ಸೇರಿಸಿ. ಕೊನೆಯಲ್ಲಿ ಬಂದ ಅತಿಥಿಗೂ ಮೊದಲಿಗರಿಗೆ ಸಿಕ್ಕಂಥದ್ದೇ ಸಿಗುತ್ತದೆ.

ನಾಲ್ಕು ಲೀಟರಿನ ಒಂದು ಪಾಲಿಗೆ ನಾನು ತೆಗೆದುಕೊಳ್ಳುವ ಅಳತೆ ಹೀಗಿದೆ. ಸೋಸಿದ ಕಿತ್ತಳೆ ರಸ 1 ಲೀಟರ್, ಅನಾನಸ್ ರಸ ಅರ್ಧ ಲೀಟರ್, ದಾಳಿಂಬೆ ರಸ ಅರ್ಧ ಲೀಟರ್, ಹಾಲು ಬೆರೆಸದ ಚಹಾ ಅರ್ಧ ಲೀಟರ್, ನಿಂಬೆ ರಸ 150 ಮಿಲಿಲೀಟರ್, ಶುಂಠಿ ರಸ 30 ಮಿಲಿಲೀಟರ್, 200 ಗ್ರಾಂ ಸಕ್ಕರೆ ಮತ್ತು 200 ಮಿಲಿಲೀಟರ್ ನೀರಿನಿಂದ ಮಾಡಿದ ಸಿಪ್ಪೆಯ ಪಾಕ, ಕಾಲು ಚಮಚ ಉಪ್ಪು, ಕೊನೆಯಲ್ಲಿ ಸಿಹಿಯಿಲ್ಲದ ಸಾದಾ ಸೋಡಾ 1 ಲೀಟರ್. ನಿಂಬೆ ಎಷ್ಟು ಹಣ್ಣು ಎಂದು ಹೇಳುವುದು ಕಷ್ಟ. ದೊಡ್ಡದಾದರೆ ನಾಲ್ಕೈದು ಸಾಕು, ಸಣ್ಣದಾದರೆ ಹತ್ತೂ ಬೇಕಾಗಬಹುದು. ಆದ್ದರಿಂದ ರಸವನ್ನು ಅಳೆದೇ ಹಾಕಿ.

ಇಲ್ಲಿ ಸಕ್ಕರೆ ಕಡಿಮೆಯಾಯಿತಲ್ಲ ಎಂದು ನಿಮಗೆ ಅನಿಸಬಹುದು. ಆದರೆ ಹಣ್ಣಿನ ರಸದಲ್ಲಿಯೇ ಸುಮಾರು ಶೇಕಡಾ 10ರಿಂದ 13ರಷ್ಟು ಸಕ್ಕರೆ ಇರುತ್ತದೆ. ಕಳೆದ ಸಲ ನೀವು ಅದರ ಮೇಲೆ ಸಕ್ಕರೆಯನ್ನೂ ಹಾಕಿ, ತಾನೂ ಹೆಚ್ಚುಕಡಿಮೆ ಅಷ್ಟೇ ಸಿಹಿಯಿರುವ ಸೋಡಾವನ್ನೂ ಸುರಿದಿರಿ. ಸಾದಾ ಸೋಡಾ ಸೇರಿದಾಗ ರಸದ ಸಿಹಿ ತೆಳುವಾಗುತ್ತದೆ, ಆ ಕೊರತೆಯನ್ನು ತುಂಬುವಷ್ಟು ಮಾತ್ರ ಪಾಕ ಬೇಕು. ಮೇಲಿನ ಅಳತೆಯಲ್ಲಿ ಪಾಕದ ಮುಕ್ಕಾಲು ಭಾಗವನ್ನು ಮೊದಲು ಹಾಕಿ, ಉಳಿದ ಕಾಲು ಭಾಗವನ್ನು ರುಚಿ ನೋಡಿದ ಮೇಲೆ ತೀರ್ಮಾನಿಸಿ. ಮುಕ್ಕಾಲು ಪಾಕದಲ್ಲಿ ಒಂದು ಲೋಟಕ್ಕೆ 20 ಗ್ರಾಂ ಹತ್ತಿರದ ಸಕ್ಕರೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಮೇಲಿಂದ ಹಾಕಿದ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ, ಅದು ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು. 2000 ಕ್ಯಾಲರಿ ಉಣ್ಣುವವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಹಬ್ಬದ ದಿನ ಇದನ್ನು ಎದುರಿಗೆ ಇಟ್ಟುಕೊಂಡು ಕೂರಬೇಕಿಲ್ಲ, ಆದರೆ ಮನೆಯಲ್ಲಿ ಮಧುಮೇಹಿಗಳಿದ್ದರೆ ಮೇಜಿನ ಮೇಲೆ ಇನ್ನೊಂದು ಬಾಟಲಿ ಸಾದಾ ಸೋಡಾ ಮತ್ತು ಸೀಳಿದ ನಿಂಬೆಯನ್ನು ಇಟ್ಟರೆ ಅವರು ತಮ್ಮ ಲೋಟವನ್ನು ತಾವೇ ತೆಳು ಮಾಡಿಕೊಳ್ಳುತ್ತಾರೆ.

ಇನ್ನು ಸಿಪ್ಪೆಯ ಪಾಕ. ಇಡೀ ಪಾನೀಯದಲ್ಲಿ ನಾನು ಯಾವ ಕಾರಣಕ್ಕೂ ಬಿಡದ ಭಾಗ ಇದು. ಮೂರು ಕಿತ್ತಳೆ ಮತ್ತು ನಾಲ್ಕು ನಿಂಬೆಹಣ್ಣನ್ನು ಬಿಸಿ ನೀರಿನಲ್ಲಿ ತಿಕ್ಕಿ ತೊಳೆದರೆ ಮೇಲಿನ ಮೇಣದ ಲೇಪ ಬಹಳಮಟ್ಟಿಗೆ ಹೋಗುತ್ತದೆ. ಒರೆಸಿ, ತರಕಾರಿ ಹೆರೆಯುವ ಸಾಧನದಿಂದ ಬಣ್ಣದ ಹೊರಪದರವನ್ನಷ್ಟೇ ತೆಳುವಾಗಿ ತೆಗೆಯಿರಿ. ಒಳಗಿನ ಬಿಳಿ ಪದರ ಬಂದರೆ ಕಹಿ ಬರುತ್ತದೆ. ಬಂದಿದ್ದರೆ ಸಿಪ್ಪೆಯನ್ನು ಮಗುಚಿ ಹಾಕಿ ಚಾಕುವಿನಿಂದ ಕೆರೆದು ತೆಗೆಯಬಹುದು. ಈ ಸಿಪ್ಪೆಗಳನ್ನು 200 ಗ್ರಾಂ ಸಕ್ಕರೆಯೊಂದಿಗೆ ಗಾಜಿನ ಬೋಗುಣಿಗೆ ಹಾಕಿ, ಮರದ ಸೌಟಿನ ತುದಿಯಿಂದ ಎರಡು ಮೂರು ನಿಮಿಷ ಒತ್ತಿ ಒತ್ತಿ ಉಜ್ಜಿ, ಮುಚ್ಚಿಡಿ. ಆರಂಭದಲ್ಲಿ ಸಕ್ಕರೆ ಒಣಮರಳಿನಂತೆ ಉದುರುದುರಾಗಿರುತ್ತದೆ. ಒಂದು ಗಂಟೆ ಕಳೆದಾಗ ಒದ್ದೆಮರಳಿನಂತೆ ಅಂಟಿಕೊಳ್ಳುತ್ತದೆ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ತಳದಲ್ಲಿ ಹಳದಿ ಛಾಯೆಯ ಮಂದವಾದ ದ್ರವ ನಿಂತಿರುತ್ತದೆ, ಸಿಪ್ಪೆಗಳು ಸುರುಟಿ ಗಟ್ಟಿಯಾಗಿರುತ್ತವೆ. ಮುಚ್ಚಳ ತೆಗೆದರೆ ಕೋಣೆಯ ತುಂಬ ಹರಡುವ ವಾಸನೆಯೇ ಎಲ್ಲವನ್ನೂ ಹೇಳುತ್ತದೆ. ಸಿಪ್ಪೆಯಲ್ಲಿರುವ ಸುಗಂಧ ತೈಲ, ಅದರಲ್ಲೂ ಹೆಚ್ಚಿನ ಪಾಲಿನ ಲಿಮೊನೀನ್ ಎಂಬ ಪದಾರ್ಥ, ಸಕ್ಕರೆಗೆ ಇಳಿದಿರುತ್ತದೆ. ರಸವನ್ನು ಎಷ್ಟು ಹಿಂಡಿದರೂ ಈ ಪರಿಮಳ ಬರುವುದಿಲ್ಲ, ಏಕೆಂದರೆ ಅದು ಇರುವುದೇ ತೊಳೆಗಳಲ್ಲಲ್ಲ, ಸಿಪ್ಪೆಯಲ್ಲಿ.

ಮರುದಿನ 200 ಮಿಲಿಲೀಟರಿಗಿಂತ ತುಸು ಹೆಚ್ಚು ನೀರಿಗೆ ಒಂದು ಬೆರಳುದ್ದದ ಚಕ್ಕೆ, ನಾಲ್ಕು ಲವಂಗ, ಜಜ್ಜಿದ ಎರಡು ಏಲಕ್ಕಿ ಹಾಕಿ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಈ ನೀರು ಕುದಿಯುವಷ್ಟು ಬಿಸಿ ಇರುವಾಗಲೇ ಸಿಪ್ಪೆಯ ಸಕ್ಕರೆಗೆ ಸುರಿದರೆ ರಾತ್ರಿಯೆಲ್ಲ ಇಳಿಸಿದ ಪರಿಮಳ ಆವಿಯಾಗಿ ಹಾರಿಹೋಗುತ್ತದೆ. ಬೆರಳಿಗೆ ತಡೆಯುವಷ್ಟು ಆರಿದ ಮೇಲೆ ಸುರಿದು, ಸಕ್ಕರೆ ಕರಗುವವರೆಗೆ ಕಲಕಿ, ಸಿಪ್ಪೆಗಳನ್ನು ಸೋಸಿ ತೆಗೆಯಿರಿ. ಲವಂಗವನ್ನು ನಾಲ್ಕಕ್ಕಿಂತ ಹೆಚ್ಚಿಸಬೇಡಿ. ಅದರಲ್ಲಿರುವ ಯುಜಿನಾಲ್ ನಾಲಿಗೆಯನ್ನು ಜೋಮು ಹಿಡಿಸುವಂಥದ್ದು, ಎರಡು ಹೆಚ್ಚಾದರೂ ಪಾನೀಯಕ್ಕೆ ಹಲ್ಲುನೋವಿನ ಔಷಧದ ವಾಸನೆ ಬರುತ್ತದೆ. ಮಸಾಲೆಯ ಪುಡಿಗಳನ್ನು ನೇರವಾಗಿ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಪುಡಿ ಕರಗುವುದಿಲ್ಲ, ತಳದಲ್ಲಿ ಕೆಸರಿನಂತೆ ಕೂತು ಕೊನೆಯ ಲೋಟದವರ ಗಂಟಲಿಗೆ ಸಿಗುತ್ತದೆ.

ಚಹಾ ಎಂದ ಕೂಡಲೇ ಕೆಲವರು ಹುಬ್ಬೇರಿಸುತ್ತಾರೆ. ಪಂಚ್‌ನಲ್ಲಿ ಚಹಾದ ರುಚಿ ತಿಳಿಯಬಾರದು, ಅದರ ಒಗರು ಮಾತ್ರ ಇರಬೇಕು. ಅರ್ಧ ಲೀಟರ್ ಕುದಿನೀರಿಗೆ 10 ಗ್ರಾಂ ಚಹಾ ಎಲೆ ಹಾಕಿ ಐದು ನಿಮಿಷ ಮುಚ್ಚಿಟ್ಟು, ಎಲೆಯನ್ನು ಹಿಂಡದೆ ಸೋಸಿ, ಆರಿಸಿ. ಬಿಸಿಯಲ್ಲಿ ಇಳಿಸಿದ ಗಟ್ಟಿ ಚಹಾ ಫ್ರಿಜ್ಜಿನಲ್ಲಿ ಇಟ್ಟಾಗ ಮಸುಕಾಗುವುದುಂಟು. ಒಗರು ಕೊಡುವ ಟ್ಯಾನಿನ್‌ಗಳು ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಂಡು ತಂಪಿನಲ್ಲಿ ಬೇರ್ಪಡುವುದರಿಂದ ಹೀಗಾಗುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಚಹಾ ತಿಳಿಯಾಗಿರುತ್ತದೆ, ಆದರೆ ಒಗರು ಕಡಿಮೆ. ಕಿತ್ತಳೆ ದಾಳಿಂಬೆಗಳ ನಡುವೆ ತಿಳಿಯನ್ನು ಯಾರೂ ಹುಡುಕುವುದಿಲ್ಲವಾದ್ದರಿಂದ ಇಲ್ಲಿ ಬಿಸಿಯದೇ ನನ್ನ ಆಯ್ಕೆ. ಒಂದು ಲೋಟದಲ್ಲಿ ಚಹಾದ ಪಾಲು 25 ಮಿಲಿಲೀಟರ್ ಮಾತ್ರ. ಅಷ್ಟೂ ಮಕ್ಕಳಿಗೆ ಬೇಡವೆನ್ನುವವರು ಒಂದು ಪಾಲಿನಲ್ಲಿ ಚಹಾ ಬಿಟ್ಟು, ಅದರ ಅರ್ಧದಷ್ಟು ದಾಳಿಂಬೆ ರಸ, ಅರ್ಧದಷ್ಟು ನೀರು ಸೇರಿಸಬಹುದು.

ಶುಂಠಿಯ ವಿಷಯದಲ್ಲಿ ಒಂದು ಸಣ್ಣ ಕಿವಿಮಾತು. ತುರಿದು, ಬಟ್ಟೆಯಲ್ಲಿ ಹಿಂಡಿದ ರಸವನ್ನು ಸಣ್ಣ ಲೋಟದಲ್ಲಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೆಳ್ಳಗೆ ಸುಣ್ಣದಂತೆ ಪಿಷ್ಟ ಇಳಿಯುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಶುಂಠಿಯ ಖಾರ ಎಳೆಯದರಲ್ಲಿ ಒಂದು ಬಗೆ, ಬಲಿತದ್ದರಲ್ಲಿ ಇನ್ನೊಂದು ಬಗೆ ಇರುವುದರಿಂದ ಮೊದಲು 20 ಮಿಲಿಲೀಟರ್ ಹಾಕಿ ನೋಡುವುದು ಜಾಣತನ.

ಹಣ್ಣುಗಳಲ್ಲಿ ಎರಡರ ಬಗ್ಗೆ ಎಚ್ಚರ ಬೇಕು. ಒಮ್ಮೆ ನಾನೇ ದೊಡ್ಡ ಕೂಟವೊಂದಕ್ಕೆ ಕೆಲಸ ಹಗುರವಾಗಲೆಂದು ಹಿಂದಿನ ಸಂಜೆಯೇ ಐದು ಲೀಟರ್ ಕಿತ್ತಳೆ ರಸ ಹಿಂಡಿಟ್ಟೆ. ಹಿಂಡುವಾಗ ಜೇನಿನಂತಿದ್ದ ರಸ ಬೆಳಿಗ್ಗೆ ನೋಡಿದರೆ ಕಹಿ. ಸಕ್ಕರೆ ಹಾಕಿದೆ, ಕಹಿ ಹಾಗೆಯೇ ಉಳಿದು ಸಿಹಿಯೂ ಅತಿಯಾಯಿತು. ಕೊನೆಗೆ ಅಷ್ಟನ್ನೂ ಚೆಲ್ಲಿದೆ. ಹಣ್ಣು ಕೆಟ್ಟದ್ದಾಗಿರಲಿಲ್ಲ. ಬುಡದಲ್ಲಿ ಹೊಕ್ಕುಳಿನಂಥ ಗುರುತಿರುವ, ಬೀಜವಿಲ್ಲದ ನೇವಲ್ ಜಾತಿಯ ಕಿತ್ತಳೆ ಅದು. ಅದರ ತಿರುಳಿನಲ್ಲಿ ರುಚಿಯೇ ಇಲ್ಲದ ಒಂದು ಪದಾರ್ಥವಿದ್ದು, ಹಿಂಡಿದಾಗ ರಸದ ಹುಳಿಯ ಸಂಪರ್ಕಕ್ಕೆ ಬಂದು ಕೆಲವು ಗಂಟೆಗಳಲ್ಲಿ ಲಿಮೋನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ಸಿಪ್ಪೆಯ ಪರಿಮಳದ ಲಿಮೊನೀನ್ ಬೇರೆ, ಈ ಕಹಿಯದು ಬೇರೆ; ಹೆಸರುಗಳು ಹತ್ತಿರವಾದರೂ ಗುಣ ತದ್ವಿರುದ್ಧ. ನೇವಲ್ ಹಣ್ಣನ್ನು ಬಡಿಸುವ ಒಂದೆರಡು ಗಂಟೆ ಮುಂಚೆಯಷ್ಟೇ ಹಿಂಡಿ, ಇಲ್ಲವೆ ಬೇರೆ ಜಾತಿಯ ಕಿತ್ತಳೆಯನ್ನು ಆರಿಸಿಕೊಳ್ಳಿ.

ಇನ್ನೊಂದು ಅನಾನಸ್. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಪ್ರೋಟೀನನ್ನು ಒಡೆಯುವಂಥದ್ದು, ನಾಲಿಗೆ ಚುರುಗುಟ್ಟುವುದರಲ್ಲಿ ಅದರ ಪಾಲೂ ಇದೆ. ಪಂಚ್‌ಗೆ ಐಸ್‌ಕ್ರೀಮ್ ಅಥವಾ ಹಾಲು ಬೆರೆಸುವ ಆಲೋಚನೆಯಿದ್ದರೆ ಹಸಿ ಅನಾನಸ್ ರಸ ಅದನ್ನು ಕಹಿ ಮಾಡಿಬಿಡುತ್ತದೆ. ರಸವನ್ನು ಆವಿಯಾಡುವವರೆಗೆ, ಅಂದರೆ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ ಕೆಲವು ನಿಮಿಷ ಹಿಡಿದು ಆರಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಡಬ್ಬದಲ್ಲಿ ಬರುವ ರಸ ಈಗಾಗಲೇ ಬಿಸಿ ಕಂಡದ್ದರಿಂದ ಅದಕ್ಕೆ ಈ ತೊಂದರೆಯಿಲ್ಲ. ಹಾಲಿನ ಪದಾರ್ಥ ಬೆರೆಸುವುದನ್ನು ನಾನಂತೂ ಒಪ್ಪುವುದಿಲ್ಲ. ಇಷ್ಟು ಹುಳಿಯಿರುವ ಪಾನೀಯದಲ್ಲಿ ಹಾಲು ಒಡೆಯುತ್ತದೆ.

ಕಿತ್ತಳೆಯ ಬಳಗದ ಕಹಿ ಹಣ್ಣಾದ ಗ್ರೇಪ್‌ಫ್ರೂಟ್ ಬಳಸಿದರೆ ಕಹಿ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೇಳಿಯಾರು. ರುಚಿಯ ದೃಷ್ಟಿಯಿಂದ ಮಾತು ಸರಿ. ಆದರೆ ವಯಸ್ಸಾದವರು ಸೇರುವ ಕೂಟದಲ್ಲಿ ನಾನು ಅದನ್ನು ತರುವುದೇ ಇಲ್ಲ. ಕರುಳಿನಲ್ಲಿ ಹಲವು ಔಷಧಗಳನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಹಾಗಾಗಿ ಕೊಲೆಸ್ಟರಾಲಿಗೆ ಕೊಡುವ ಸಿಂವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್ ಮುಂತಾದ ಔಷಧಗಳು ರಕ್ತದಲ್ಲಿ ಮಿತಿಮೀರಿ ಏರಬಹುದು. ಪಾನೀಯದಲ್ಲಿ ಏನೇನಿದೆ ಎಂದು ಯಾವ ಅತಿಥಿಯೂ ವಿಚಾರಿಸಿ ಕುಡಿಯುವುದಿಲ್ಲ.

ಈಗ ನಿಮ್ಮ ಎರಡನೆಯ ತೊಂದರೆಗೆ, ಅಂದರೆ ನೀರುನೀರಾದದ್ದಕ್ಕೆ ಬರೋಣ. ಐಸ್ ತಣ್ಣಗೆ ಮಾಡುವುದು ಕರಗುವುದರ ಮೂಲಕವೇ. ಕರಗದೆ ತಣ್ಣಗೆ ಮಾಡುವ ಐಸ್ ಎಂಬುದಿಲ್ಲ. ಒಂದು ಲೀಟರ್ ರಸವನ್ನು 25 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 84 ಕಿಲೋಜೂಲ್ ಶಾಖವನ್ನು ಹೊರತೆಗೆಯಬೇಕು, ಒಂದು ಕಿಲೋ ಐಸ್ ಕರಗುವಾಗ ಹೀರಿಕೊಳ್ಳುವುದು 334 ಕಿಲೋಜೂಲ್. ಲೆಕ್ಕ ಹಾಕಿದರೆ ಪ್ರತಿ ಲೀಟರಿಗೆ ಕಾಲು ಕಿಲೋದಷ್ಟು ಐಸ್ ಕರಗಲೇಬೇಕು. ನೀವು ಒಂಬತ್ತು ಲೀಟರ್ ರಸವನ್ನು ಹಾಗೆಯೇ ಇಟ್ಟಿದ್ದರೆ ಅದಕ್ಕೆ ಎರಡು ಲೀಟರಿಗೂ ಹೆಚ್ಚು ನೀರನ್ನು ನೀವೇ ಸುರಿದಂತೆ ಆಯಿತು. ರಸ, ಚಹಾ, ಪಾಕ ಎಲ್ಲವನ್ನೂ ಬೆರೆಸಿದ ಮಿಶ್ರಣವನ್ನು ಫ್ರಿಜ್ಜಿನಲ್ಲಿ ಕನಿಷ್ಠ ಐದಾರು ಗಂಟೆ ಇಟ್ಟು ತಣಿಸಿದರೆ ಐಸಿನ ಪಾಲಿಗೆ ಉಳಿಯುವುದು ತಂಪನ್ನು ಕಾಯುವ ಕೆಲಸ ಮಾತ್ರ.

ಆ ಐಸ್ ಕೂಡ ಒಂದೇ ದೊಡ್ಡ ಗಡ್ಡೆಯಾಗಿರಲಿ. 10 ಸೆಂಟಿಮೀಟರ್ ಬದಿಯ ಘನಾಕಾರದ ಗಡ್ಡೆಯ ಹೊರಮೈ 600 ಚದರ ಸೆಂಟಿಮೀಟರ್. ಅದನ್ನೇ ಎರಡೂವರೆ ಸೆಂಟಿಮೀಟರಿನ 64 ತುಂಡು ಮಾಡಿದರೆ ಹೊರಮೈ 2400 ಆಗುತ್ತದೆ, ಅಂದರೆ ಬೆಚ್ಚಗಿನದಕ್ಕೆ ತಾಗುವ ಮೈ ನಾಲ್ಕು ಪಟ್ಟು. ಒಂದು ಲೀಟರ್ ಹಿಡಿಯುವ ಬೋಗುಣಿಯಲ್ಲಿ ಗಡ್ಡೆ ಕಟ್ಟಿಸಲು ಫ್ರೀಜರಿನಲ್ಲಿ ಒಂದು ಇಡೀ ರಾತ್ರಿ ಬೇಕು. ಒಳಗೆ ಕಿತ್ತಳೆ ಬಿಲ್ಲೆ, ದಾಳಿಂಬೆ ಕಾಳು ಕಾಣಬೇಕೆಂದರೆ ಒಮ್ಮೆಲೇ ನೀರು ತುಂಬಬೇಡಿ, ಹಣ್ಣೆಲ್ಲ ತೇಲಿ ಮೇಲೆ ಬಂದು ಒಂದೇ ಪದರವಾಗುತ್ತದೆ. ಎರಡು ಬೆರಳು ನೀರು ಹಾಕಿ ಹೆಪ್ಪುಗಟ್ಟಿಸಿ, ಅದರ ಮೇಲೆ ಹಣ್ಣು ಜೋಡಿಸಿ, ಮುಳುಗುವಷ್ಟು ತಣ್ಣೀರು ಹಾಕಿ ಮತ್ತೆ ಹೆಪ್ಪುಗಟ್ಟಿಸಿ, ಹೀಗೆ ಮೂರು ಸಲ ಮಾಡಿದರೆ ಹಣ್ಣುಗಳು ಗಾಜಿನೊಳಗೆ ನಿಂತಂತೆ ಕಾಣುತ್ತವೆ. ನೀರಿನ ಬದಲು ಕಿತ್ತಳೆ ರಸವನ್ನೇ ಹೆಪ್ಪುಗಟ್ಟಿಸಿದರೆ ಅಂದ ಅಷ್ಟಿರುವುದಿಲ್ಲ, ಆದರೆ ಕರಗಿದರೂ ರುಚಿ ತೆಳುವಾಗುವುದಿಲ್ಲ. ಫ್ರೀಜರಿನ ತಂಪು ಕ್ರಿಮಿಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಗಡ್ಡೆಗೂ ಕುಡಿಯುವ ನೀರನ್ನೇ ಬಳಸಿ.

ಸೋಡಾದ ಚುರುಕು ಹೋಗುವುದಕ್ಕೂ ಬಿಸಿಯೇ ಮೂಲ. ತಣ್ಣನೆಯ ನೀರು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಿನದು ಬಿಟ್ಟುಕೊಡುತ್ತದೆ. 0 ಡಿಗ್ರಿಯಲ್ಲಿ ನೀರು ಕರಗಿಸಿಕೊಳ್ಳುವ ಇಂಗಾಲದ ಡೈಆಕ್ಸೈಡಿನ ಅರ್ಧದಷ್ಟನ್ನೂ 25 ಡಿಗ್ರಿಯಲ್ಲಿ ಅದು ಹಿಡಿಯಲಾರದು. ಜೊತೆಗೆ ರಸದ ನಾರು ಮತ್ತು ಕರಗದ ಸಕ್ಕರೆಯ ಕಣಗಳು ಗುಳ್ಳೆ ಹುಟ್ಟಲು ನೆಲೆಯಾಗುತ್ತವೆ, ಸೋಡಾ ಸುರಿದ ಕೂಡಲೇ ಬುಸ್ಸೆಂದು ನೊರೆಯೇಳುವುದು ಅದರಿಂದಲೇ. ಆದ್ದರಿಂದ ರಸವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿರಬೇಕು, ಸಕ್ಕರೆ ಪಾಕವಾಗಿಯೇ ಸೇರಿರಬೇಕು, ಸೋಡಾ ರಾತ್ರಿಯಿಂದ ಫ್ರಿಜ್ಜಿನಲ್ಲಿರಬೇಕು. ಮೊದಲ ಲೋಟ ಎತ್ತುವ ಕ್ಷಣದಲ್ಲಿ, ಪಾತ್ರೆಯ ಒಳಬದಿಗೆ ಜಾರುವಂತೆ ನಿಧಾನವಾಗಿ ಸುರಿದು, ಸೌಟಿನಿಂದ ತಳದಿಂದ ಒಮ್ಮೆ ಎತ್ತಿ ಬಿಡಿ, ಕಡೆಯಬೇಡಿ.

ರುಚಿ ನೋಡುವ ಕೆಲಸವನ್ನು ಮಿಶ್ರಣ ತಣ್ಣಗಾದ ಮೇಲೆಯೇ ಮಾಡಬೇಕು. ತಂಪಿನಲ್ಲಿ ನಾಲಿಗೆಗೆ ಸಿಹಿ ಮಂದವಾಗುತ್ತದೆ, ಅದಕ್ಕೆಂದೇ ಕರಗಿದ ಐಸ್‌ಕ್ರೀಮ್ ಸಹಿಸಲಾಗದಷ್ಟು ಸಿಹಿಯೆನಿಸುವುದು. ಬೆಚ್ಚಗಿರುವಾಗ ಸರಿಯಾಗಿದ್ದದ್ದು ಲೋಟಕ್ಕೆ ಬಂದಾಗ ಸಪ್ಪೆಯಾಗುತ್ತದೆ. ನಾನು ಮಾಡುವುದು ಹೀಗೆ: ತಣ್ಣಗಿನ ಮಿಶ್ರಣವನ್ನು ಮೂರು ಸಣ್ಣ ಲೋಟಗಳಿಗೆ ಹಾಕಿ, ಪ್ರತಿಯೊಂದಕ್ಕೂ ಅದರ ಮೂರನೇ ಒಂದು ಭಾಗದಷ್ಟು ಸೋಡಾ ಬೆರೆಸುತ್ತೇನೆ. ಒಂದನ್ನು ಹಾಗೆಯೇ ಬಿಟ್ಟು, ಎರಡನೆಯದಕ್ಕೆ ಐದಾರು ಹನಿ ನಿಂಬೆರಸ, ಮೂರನೆಯದಕ್ಕೆ ಎರಡು ಹರಳು ಉಪ್ಪು ಹಾಕಿ, ಮೂರನ್ನೂ ಒಂದರ ಹಿಂದೆ ಒಂದು ಗುಟುಕರಿಸುತ್ತೇನೆ. ಮೂರರಲ್ಲಿ ಯಾವುದರ ಎರಡನೆಯ ಗುಟುಕು ಬೇಕೆನಿಸುತ್ತದೋ ಆ ಕಡೆಗೆ ಇಡೀ ಪಾತ್ರೆಯನ್ನು ತಿರುಗಿಸಬೇಕು. ಉಪ್ಪಿನ ಬಗ್ಗೆ ಅಂಜಿಕೆ ಬೇಡ; ಉಪ್ಪಿನ ರುಚಿ ತಿಳಿಯದಷ್ಟು ಅಳತೆಯಲ್ಲಿ ಅದು ಕಹಿಯನ್ನು ಅಡಗಿಸುತ್ತದೆ, ಹಣ್ಣನ್ನು ಮುಂದಕ್ಕೆ ತರುತ್ತದೆ. ಸಪ್ಪೆಯೆನಿಸಿದಾಗ ಸಕ್ಕರೆಯ ಡಬ್ಬಕ್ಕೆ ಕೈಹಾಕುವ ಮುನ್ನ ನಿಂಬೆಯನ್ನು ಪ್ರಯತ್ನಿಸಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಕೊರತೆ ಹುಳಿಯದೇ ಆಗಿರುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಅಳತೆಯಲ್ಲಿ ಬರುವುದು ಸಂಜೆಗೆಂಪು. ಹೊಳೆಯುವ ಕೆಂಪೇ ಬೇಕೆಂದರೆ ಅನಾನಸ್ ಬಿಟ್ಟು ದಾಳಿಂಬೆ ಹೆಚ್ಚಿಸಿ. ಹಸಿರು ಕಿವಿಹಣ್ಣಿನ ತಿರುಳನ್ನು ಕೆಂಪು ರಸಕ್ಕೆ ಬೆರೆಸಿದರೆ ಕೆಸರಿನ ಬಣ್ಣವಲ್ಲದೆ ಬೇರೇನೂ ಬರುವುದಿಲ್ಲ.

ಪಾತ್ರೆ ಗಾಜಿನದ್ದು ಅಥವಾ ಸ್ಟೀಲಿನದ್ದಾಗಿರಲಿ. ಅಂದಕ್ಕೆಂದು ತಾಮ್ರದ ಅಥವಾ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇದನ್ನು ಇಡಲೇಬಾರದು. ನಿಂಬೆ, ಕಿತ್ತಳೆಯ ಹುಳಿ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ವಾಂತಿ ಹೊಟ್ಟೆನೋವಿಗೆ ಅಷ್ಟು ಸಾಕು. ಮೆರುಗಿನಲ್ಲಿ ಏನಿದೆಯೋ ತಿಳಿಯದ ಹಳೆಯ ಪಿಂಗಾಣಿಯೂ ಬೇಡ, ಸೀಸ ಇಳಿಯುವ ಸಂಭವವಿದೆ. ಹೊಗೆಯೇಳಲೆಂದು ಒಣ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಹಾಕುವ ಖಯಾಲಿ ಕೆಲವರಿಗಿದೆ. ಅದರ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗೆ, ಒಂದು ಚೂರು ಲೋಟದ ಮೂಲಕ ಬಾಯಿಗೆ ಹೋದರೆ ಸುಟ್ಟಗಾಯವೇ ಆಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದರ ಸುದ್ದಿಯೇ ಬೇಡ.

ಹುಳಿಯಿರುವ ರಸದಲ್ಲಿ ಕ್ರಿಮಿ ಬದುಕದು ಎಂಬ ನಂಬಿಕೆ ಅನೇಕರಲ್ಲಿದೆ. ಆದರೆ 1996ರಲ್ಲಿ ಅಮೆರಿಕದಲ್ಲಿ ಪಾಶ್ಚರೀಕರಿಸದ, ಅಂದರೆ ಕ್ರಿಮಿ ಸಾಯುವಂತೆ ಬಿಸಿ ಮಾಡಿರದ, ಸೇಬಿನ ರಸದಿಂದ ಇ. ಕೋಲೈ ಸೋಂಕು ಹರಡಿ ಹತ್ತಾರು ಮಂದಿ ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಕೊಳಕು ಇರುವುದು ಹಣ್ಣಿನ ಹೊರಮೈಯಲ್ಲಿ. ಕೊಯ್ಯುವ ಚಾಕು ಅದನ್ನು ಒಳಕ್ಕೆ ಒಯ್ಯುತ್ತದೆ. ಸಿಪ್ಪೆ ಎಸೆಯುವ ಹಣ್ಣಾದರೂ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದೇ ಕೊಯ್ಯಿರಿ. ಗರ್ಭಿಣಿಯರು, ಪುಟ್ಟ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಕುಡಿಯುವುದಾದರೆ ಪಾಶ್ಚರೀಕರಿಸಿದ ರಸವೇ ಕ್ಷೇಮ. ಸಕ್ಕರೆಯ ಬದಲು ಜೇನು ಬಳಸುವವರು ಒಂದು ವರ್ಷ ತುಂಬದ ಕೂಸಿಗೆ ಒಂದು ಚಮಚವನ್ನೂ ಕುಡಿಸಬಾರದು.

ಮದ್ಯವಿಲ್ಲ ಎಂದು ಹೇಳಿ ಬಡಿಸುವಾಗ ಅದು ಪೂರ್ತಿ ನಿಜವಾಗಿರಬೇಕು. ಧರ್ಮದ ಕಾರಣದಿಂದ, ಬಸಿರಿನ ಕಾರಣದಿಂದ, ಕುಡಿತ ಬಿಟ್ಟ ಛಲದಿಂದ ಅದನ್ನು ದೂರವಿಟ್ಟವರಿಗೆ ಒಂದು ಹನಿಯೂ ಹನಿಯೇ. ‘ಆಲ್ಕೋಹಾಲ್‌ರಹಿತ’ ಎಂಬ ಚೀಟಿಯಿರುವ ವೈನ್ ಮತ್ತು ಬಿಯರಿನಲ್ಲಿ ಹಲವು ದೇಶಗಳ ನಿಯಮದಂತೆ ಶೇಕಡಾ 0.5ರವರೆಗೆ ಇರಬಹುದು. ವೆನಿಲ್ಲಾ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಶೇಕಡಾ 35ರಷ್ಟು ಇರುತ್ತದೆ. ಹನಿಹನಿಯಾಗಿ ಹಾಕುವ ಕಹಿ ಸಾರಗಳಾದ ಬಿಟರ್ಸ್‌ನಲ್ಲಿ ಅದಕ್ಕೂ ಹೆಚ್ಚು ಇರುವುದುಂಟು. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಯೇ ಹಾಕಿ. ಕುಡಿಯುವವರಿಗೆಂದು ಬೇರೆ ಪಾತ್ರೆ ಇಡುವುದಿದ್ದರೆ ಬಣ್ಣ ಬೇರೆಯಿರಲಿ, ಸೌಟೂ ಬೇರೆಯಿರಲಿ.

ಮೇಜಿನ ಮೇಲೆ ಇಟ್ಟ ಪಾಲು ಎರಡು ಗಂಟೆಯೊಳಗೆ ಖಾಲಿಯಾಗಬೇಕು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹತ್ತಾರು ಕೈ ಮುಟ್ಟಿದ ಸೌಟು ಅದ್ದಿದ ಪಾತ್ರೆಯಲ್ಲಿ ಮಿಕ್ಕದ್ದನ್ನು ಫ್ರಿಜ್ಜಿಗೆ ವಾಪಸು ಸೇರಿಸಬೇಡಿ, ಚೆಲ್ಲಿಬಿಡಿ. ಬೆಚ್ಚಗೆ ಬಿಟ್ಟ ಹಣ್ಣಿನ ರಸ ತಾನಾಗಿ ಹುದುಗತೊಡಗುತ್ತದೆ, ಮದ್ಯವಿಲ್ಲದ್ದು ಎಂದು ಮಾಡಿದ್ದರಲ್ಲಿ ಅದೇ ಹುಟ್ಟಿಕೊಳ್ಳುತ್ತದೆ. ಸೋಡಾ ಬೆರೆಸದೆ, ಮುಚ್ಚಿಟ್ಟು, ಫ್ರಿಜ್ಜಿನಿಂದ ಹೊರಗೇ ಬಾರದ ಮೂರನೆಯ ಪಾಲು ಮಾತ್ರ ಮರುದಿನಕ್ಕೂ ಚೆನ್ನಾಗಿರುತ್ತದೆ. ಅಷ್ಟರಲ್ಲಿ ನಿಂಬೆಯ ತಾಜಾತನ ಕುಗ್ಗಿರುವುದರಿಂದ ಅರ್ಧ ಹಣ್ಣು ಹೊಸದಾಗಿ ಹಿಂಡಿಕೊಳ್ಳಿ. ಅದೂ ಖರ್ಚಾಗದಿದ್ದರೆ ಐಸಿನ ಅಚ್ಚುಗಳಿಗೆ ಸುರಿದು ಫ್ರೀಜರಿಗೆ ಹಾಕಿಡಿ; ಮುಂದಿನ ಸಲ ಲೋಟಕ್ಕೆ ನಾಲ್ಕು ಅಚ್ಚು ಹಾಕಿ ಮೇಲೆ ಸೋಡಾ ಸುರಿದರೆ ಆಯಿತು.